ಇನ್ನೆಷ್ಟು ಸಲ ಬರಬೇಕು ಮೇಡಂ?

"ಇನ್ನೆಷ್ಟು ಸಲ ಬರಬೇಕು ಮೇಡಂ?" ನನ್ನೆದುರು ಕೂತವರು ಮೊದಲ ದಿನವೇ ಕೇಳುವ ಪ್ರಶ್ನೆ ಇದು. ನಾನು ಕೊಡಗಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಭೂಕುಸಿತದಲ್ಲಿ ಮನೆಮಂದಿಯನ್ನು ಕಳೆದುಕೊಂಡವರು, ಆನೆ ದಾಳಿಯಿಂದ ಬದುಕಿ ಬಂದ ತೋಟದ ಕೂಲಿಗಳು, ಸಂಪಾಜೆ ಘಾಟಿಯಲ್ಲಿ ಗಾಡಿ ಉರುಳಿ ಪಕ್ಕದಲ್ಲಿದ್ದವನ ಸಾವು ಕಂಡ ಚಾಲಕರು, ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದ ಹೆಂಗಸರು ನನ್ನಲ್ಲಿಗೆ ಬರುತ್ತಾರೆ. ತೋಟದ ಲೈನ್‌ಮನೆಯಿಂದ ಹೊರಟು ಆಸ್ಪತ್ರೆಗೆ ಬಂದು ಹೋದರೆ ಒಂದು ದಿನದ ಕೂಲಿ ಹೋಯಿತೆಂದೇ ಅರ್ಥ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ, ನಿಜ. ಇಲ್ಲಿನ ಎಷ್ಟೋ ಊರುಗಳಿಗೆ ಓಡುವುದು ಖಾಸಗಿ ಬಸ್ಸು ಮಾತ್ರ. ಹಾಗಾಗಿ ಆ ಪ್ರಶ್ನೆಯ ಹಿಂದೆ ಒಂದು ಸಂಸಾರದ ಇಡೀ ವಾರದ ಲೆಕ್ಕ ಇರುತ್ತದೆ.

"ನೋಡೋಣ, ಬರ್ತಾ ಇರಿ" ಎನ್ನುವುದು ನಮ್ಮ ವೃತ್ತಿಯ ಹಳೆಯ ಉತ್ತರ. ಆ ಉತ್ತರ ಕೇಳಿಸಿಕೊಂಡವರಲ್ಲಿ ಬಹಳ ಮಂದಿ ಮತ್ತೆ ಬರುವುದಿಲ್ಲ. "ಐದಾರು ಸಲ ಬನ್ನಿ, ವಾರಕ್ಕೊಮ್ಮೆ, ಒಂದು ಒಂದೂವರೆ ಗಂಟೆ ಕೂರೋಣ, ಮನೆಯಲ್ಲಿ ಮಾಡಬೇಕಾದ್ದು ಏನೂ ಇಲ್ಲ" ಎಂದು ಖಚಿತವಾಗಿ ಹೇಳಬಲ್ಲ ಚಿಕಿತ್ಸೆಗಳು ಈಗ ಇವೆ. ಉದ್ದದ ಚಿಕಿತ್ಸೆಗಳ ಪಕ್ಕದಲ್ಲಿಟ್ಟು ಅವನ್ನು ಪರೀಕ್ಷಿಸಿಯೂ ಆಗಿದೆ. ತಾಲ್ಲೂಕು ಆಸ್ಪತ್ರೆಯ ನರ್ಸ್‌ಗಳು, ಆಪ್ತಸಮಾಲೋಚಕರು ಇವನ್ನು ಕಲಿತು ಕೊಡಬಹುದು, ಕೊಡಬೇಕು ಎಂಬುದು ನನ್ನ ವಾದ. ನಮ್ಮ ರಾಜ್ಯದಲ್ಲಿ ರಸ್ತೆ ಅಪಘಾತವೊಂದರಿಂದಲೇ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಅವೇ ಗಾಡಿಗಳಿಂದ ಜೀವಂತ ಹೊರಬಂದವರ ಕೈಕಾಲಿಗೆ ಚಿಕಿತ್ಸೆ ಸಿಗುತ್ತದೆ, ಆದ ಗಾಯವೆಲ್ಲ ಕೇಸ್‌ ಶೀಟಿನಲ್ಲಿ ದಾಖಲಾಗುತ್ತದೆ. ಆರು ತಿಂಗಳಾದ ಮೇಲೂ ಸ್ಟಿಯರಿಂಗ್ ಮುಟ್ಟಲಾಗದೆ ಕೂತವನ ವಿಷಯ ಯಾವ ಹಾಳೆಯಲ್ಲೂ ಬರುವುದಿಲ್ಲ.

ಜನ ಈ ಕಾಯಿಲೆಯನ್ನು ಹೇಳುವ ರೀತಿ ಪುಸ್ತಕಕ್ಕಿಂತ ಸ್ಪಷ್ಟ. "ಕಣ್ಣು ಮುಚ್ಚಿದ್ರೆ ಅದೇ ಬರುತ್ತೆ." "ತಗಡಿನ ಮೇಲೆ ಮಳೆ ಜೋರಾದ್ರೆ ಎದೆ ಹೊಡ್ಕೊಳ್ಳುತ್ತೆ." "ಆ ದಾರೀಲಿ ಕಾಲೇ ಇಡೋಕಾಗಲ್ಲ." "ಮಗು ತಟ್ಟೆ ಬೀಳಿಸಿದ್ರೆ ಹೊಡೆದುಬಿಡೋ ಅಷ್ಟು ಸಿಟ್ಟು." ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ತನ್ನ ರೋಗಪಟ್ಟಿಗೆ ಪಿಟಿಎಸ್‌ಡಿ ಎಂಬ ಹೆಸರಿನಲ್ಲಿ ಸೇರಿಸಿದ್ದು ಇವೇ ಲಕ್ಷಣಗಳನ್ನು: ಬೇಡವೆಂದರೂ ನುಗ್ಗಿ ಬರುವ ನೆನಪು, ಅದನ್ನು ನೆನಪಿಸುವ ಎಲ್ಲದರಿಂದ ದೂರ ಓಡುವುದು, ಸದಾ ಬೆಚ್ಚುವ ಮೈ.

ಆಘಾತ ಕಂಡವರೆಲ್ಲರಿಗೂ ಚಿಕಿತ್ಸೆ ಬೇಕಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಬಾರ್ಬರಾ ರಾತ್‌ಬಾಮ್, ಎಡ್ನಾ ಫೋವಾ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅತ್ಯಾಚಾರಕ್ಕೆ ಒಳಗಾದ ಮಹಿಳೆಯರಲ್ಲಿ ಶೇ 94ರಷ್ಟು ಮಂದಿಗೆ ಮೊದಲ ಎರಡು ವಾರದೊಳಗೆ ಈ ಲಕ್ಷಣಗಳೆಲ್ಲ ಇದ್ದವು. ಮೂರು ತಿಂಗಳ ಹೊತ್ತಿಗೆ ಅದು ಶೇ 47ಕ್ಕೆ ಇಳಿದಿತ್ತು. ಅಂದರೆ ಅರ್ಧದಷ್ಟು ಜನರ ಮನಸ್ಸು ತಾನಾಗಿ ಚೇತರಿಸಿಕೊಂಡಿತು. ಉಳಿದ ಅರ್ಧ ಸಿಕ್ಕಿಹಾಕಿಕೊಂಡಿತು. ಈ ಎರಡನೆಯವರಿಗೇ ನಮ್ಮ ಕೈ ತಲುಪಬೇಕು.

ಆದ್ದರಿಂದಲೇ ದುರಂತ ನಡೆದ ಮರುದಿನ ಎಲ್ಲರನ್ನೂ ಶಿಬಿರದಲ್ಲಿ ಕೂರಿಸಿ "ಏನಾಯಿತು, ಎಲ್ಲ ಹೇಳಿಬಿಡಿ" ಎನ್ನುವುದನ್ನು ನಾನು ವಿರೋಧಿಸುತ್ತೇನೆ. ಒಂದೇ ಸಲದ ಈ ವಿಧಾನ ಡಿಬ್ರೀಫಿಂಗ್ ಎಂಬ ಹೆಸರಲ್ಲಿ ಎಂಬತ್ತು–ತೊಂಬತ್ತರ ದಶಕಗಳಲ್ಲಿ ಜಗತ್ತಿನ ತುಂಬ ಹರಡಿತ್ತು. ರಿಚರ್ಡ್ ಮೇಯೂ, ಆಂಕೆ ಏಲರ್ಸ್ ಮತ್ತು ಮೈಕಲ್ ಹಾಬ್ಸ್ ರಸ್ತೆ ಅಪಘಾತದ ಗಾಯಾಳುಗಳನ್ನು ಮೂರು ವರ್ಷ ಹಿಂಬಾಲಿಸಿ 2000ದಲ್ಲಿ ಬರೆದರು: ಆರಂಭದಲ್ಲಿ ತೀವ್ರವಾಗಿ ನರಳುತ್ತಿದ್ದವರಲ್ಲಿ, ಡಿಬ್ರೀಫಿಂಗ್ ಸಿಗದವರು ಚೇತರಿಸಿಕೊಂಡಿದ್ದರು; ಸಿಕ್ಕವರು ಇನ್ನೂ ನರಳುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಈಗ ಇದನ್ನು ಬೇಡವೆನ್ನುತ್ತದೆ. ಮೊದಲ ವಾರಗಳಲ್ಲಿ ಬೇಕಾದ್ದು ಒಣ ಬಟ್ಟೆ, ಊಟ, ಕಾಣೆಯಾದವರ ಸುದ್ದಿ, ಪಕ್ಕದಲ್ಲಿ ತಮ್ಮವರು. ಹೇಳಬೇಕೆನಿಸಿದವರು ಹೇಳಲಿ, ಹೇಳೆಂದು ಯಾರೂ ಒತ್ತಬಾರದು. ಪ್ರತಿ ಮಳೆಗಾಲದ ದುರಂತದ ನಂತರ ಒಳ್ಳೆಯ ಮನಸ್ಸಿನ ಸ್ವಯಂಸೇವಕರು ನೋಟ್‌ಬುಕ್ ಹಿಡಿದು ಬರುತ್ತಾರೆ. ಅವರಿಗೆ ನಾನು ಕೈಮುಗಿದು ಹೇಳುವುದು ಇದನ್ನೇ: ಈಗ ಕಂಬಳಿ ಹಂಚಿ, ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ.

ಅವರ ಹಿಂದೆಯೇ ಮಾತ್ರೆ ಬರುತ್ತದೆ. ನನ್ನಲ್ಲಿಗೆ ಬರುವ ಹೊತ್ತಿಗೆ ಅನೇಕರ ಚೀಲದಲ್ಲಿ ನಿದ್ದೆಗೆಂದು ಯಾರೋ ಬರೆದುಕೊಟ್ಟ ಬೆಂಜೊಡಯಾಜೆಪಿನ್ ಗುಂಪಿನ ಮಾತ್ರೆಗಳ ಪಟ್ಟಿ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಆಘಾತದ ಮೊದಲ ತಿಂಗಳಲ್ಲಿ ಒತ್ತಡದ ಲಕ್ಷಣಗಳಿಗೆಂದು ಇವನ್ನು ಕೊಡಬಾರದು ಎಂದಿದೆ. ರೋಗಿಗಳ ಸಾಲು ಬಾಗಿಲು ದಾಟಿ ನಿಂತಿರುವಾಗ ವೈದ್ಯರಿಗೆ ಬೇರೆ ದಾರಿ ಕಾಣುವುದಿಲ್ಲ ಎಂಬುದೂ ನನಗೆ ಗೊತ್ತು. ಬೇರೆ ದಾರಿ ಇಟ್ಟುಕೊಡುವುದು ವ್ಯವಸ್ಥೆಯ ಕೆಲಸ.

ಇನ್ನು ಚಿಕಿತ್ಸೆಗಳ ವಿಷಯಕ್ಕೆ ಬರುತ್ತೇನೆ. ಫಿಲಡೆಲ್ಫಿಯಾದಲ್ಲಿ ಎಡ್ನಾ ಫೋವಾ ರೂಪಿಸಿದ ಪ್ರೊಲಾಂಗ್ಡ್ ಎಕ್ಸ್‌ಪೋಶರ್‌ನಲ್ಲಿ ವ್ಯಕ್ತಿ ಕಣ್ಣು ಮುಚ್ಚಿ, ನಡೆದದ್ದನ್ನು ಈಗ ನಡೆಯುತ್ತಿದೆ ಎಂಬಂತೆ ಮತ್ತೆ ಮತ್ತೆ ಹೇಳುತ್ತಾರೆ. ಅದರ ಧ್ವನಿಮುದ್ರಿಕೆಯನ್ನು ಮನೆಯಲ್ಲಿ ದಿನವೂ ಕೇಳಬೇಕು. ಹೆದರಿ ಬಿಟ್ಟ ಜಾಗಗಳಿಗೆ ಹಂತಹಂತವಾಗಿ ಹೋಗಬೇಕು. ಎಂಟರಿಂದ ಹದಿನೈದು ಭೇಟಿ. ಪೆಟ್ರಿಷಿಯಾ ರೆಸಿಕ್ ಅವರ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ, ಅಂದರೆ ಸಿಪಿಟಿ, ಹನ್ನೆರಡು ಭೇಟಿಯದು. "ತಪ್ಪೆಲ್ಲ ನನ್ನದೇ", "ಇನ್ನು ಯಾರನ್ನೂ ನಂಬಲಾಗದು" ಎಂದು ಮನಸ್ಸು ಅಂಟಿಕೊಂಡ ಜಾಗಗಳನ್ನು ಹುಡುಕಿ, ಹಾಳೆಯ ಮೇಲೆ ಬರೆದು, ಸಾಕ್ಷ್ಯ ಏನಿದೆ ಎಂದು ಪರಿಶೀಲಿಸುವುದು ಅದರ ಕ್ರಮ. 2002ರಲ್ಲಿ ರೆಸಿಕ್ ತಂಡ ಅತ್ಯಾಚಾರದಿಂದ ಬದುಕುಳಿದ 171 ಮಹಿಳೆಯರಲ್ಲಿ ಈ ಎರಡನ್ನೂ ಹೋಲಿಸಿತು. ಫಲ ಹೆಚ್ಚುಕಡಿಮೆ ಒಂದೇ. ಐದರಿಂದ ಹತ್ತು ವರ್ಷಗಳ ನಂತರ ಅದೇ ಮಹಿಳೆಯರನ್ನು ಹುಡುಕಿ ಮಾತಾಡಿಸಿದಾಗಲೂ ಆ ಚೇತರಿಕೆ ಉಳಿದಿತ್ತು. ಈ ಎರಡು ಚಿಕಿತ್ಸೆಗಳ ಬಗ್ಗೆ ನನಗೆ ಅಪಾರ ಗೌರವವಿದೆ.

ಆದರೆ ಲೈನ್‌ಮನೆಯಲ್ಲಿ ಒಂದು ಕೋಣೆ, ಒಂದು ಅಡುಗೆಯ ಮೂಲೆ. ಗಂಡ, ಮಕ್ಕಳು, ಅತ್ತೆ ಅಲ್ಲೇ. ಗೋಡೆಯಾಚೆ ಇನ್ನೊಂದು ಸಂಸಾರ. ಅಲ್ಲಿ ಕೂತು ತನ್ನ ಮೇಲೆ ನಡೆದ ಹಿಂಸೆಯ ಧ್ವನಿಮುದ್ರಿಕೆಯನ್ನು ಯಾವ ಹೆಂಗಸು ಕೇಳಿಸಿಕೊಂಡಾಳು? ಬರೆದ ಹಾಳೆಯನ್ನು ಎಲ್ಲಿ ಬಚ್ಚಿಡಬೇಕು? ಮನೆಗೆಲಸ ಮಾಡಿ ತರಲಿಲ್ಲ ಎಂಬ ನಾಚಿಕೆಯಿಂದಲೇ ಮೂರನೇ ವಾರಕ್ಕೆ ಬರುವುದನ್ನು ನಿಲ್ಲಿಸಿದವರನ್ನು ನಾನು ಕಂಡಿದ್ದೇನೆ. ಚಿಕಿತ್ಸೆಯಲ್ಲಿ ಕೊರತೆ ಇರಲಿಲ್ಲ. ಅದು ಕೇಳುವ ಏಕಾಂತ ಅವರ ಬದುಕಿನಲ್ಲಿ ಇರಲಿಲ್ಲ.

ಬಾಸ್ಟನ್‌ನಲ್ಲಿ ಡೆನಿಸ್ ಸ್ಲೋನ್ ಮತ್ತು ಬ್ರಯನ್ ಮಾರ್ಕ್ಸ್ ಕಟ್ಟಿದ ಬರವಣಿಗೆಯ ಚಿಕಿತ್ಸೆ ನನ್ನ ಗಮನ ಸೆಳೆದದ್ದು ಈ ಕಾರಣಕ್ಕೆ. ಐದು ಭೇಟಿ. ಪ್ರತಿ ಸಲ ಚಿಕಿತ್ಸಾಲಯದ ಕೋಣೆಯಲ್ಲೇ ಕೂತು, ಪೆನ್ನು ಹಿಡಿದು ಅರ್ಧ ಗಂಟೆ ಬರೆಯುವುದು. ನಡೆದದ್ದೇನು, ಆಗ ಏನು ಕಂಡಿರಿ, ಏನು ಕೇಳಿದಿರಿ, ಮನಸ್ಸಿನಲ್ಲಿ ಏನಿತ್ತು ಎಂದು ಈಗಿನ ದೂರದಿಂದ ನೋಡಿ ಬರೆಯಬೇಕು. ಕೊನೆಯ ಭೇಟಿಗಳಲ್ಲಿ ಅದು ಬದುಕನ್ನು ಹೇಗೆ ಬದಲಿಸಿತು ಎಂಬುದರ ಕಡೆ ಬರಹ ಹೊರಳುತ್ತದೆ. ಬರೆದ ಹಾಳೆ ಅಲ್ಲೇ ಉಳಿಯುತ್ತದೆ, ಮನೆಗೆಲಸ ಇಲ್ಲ. ಇಷ್ಟು ಸರಳವಾದದ್ದು ಹನ್ನೆರಡು ಭೇಟಿಯ ಸಿಪಿಟಿಗೆ ಸಾಟಿಯಾದೀತೇ ಎಂದು 126 ಜನರಲ್ಲಿ ಪರೀಕ್ಷಿಸಿದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಐದು ಭೇಟಿ ಹನ್ನೆರಡಕ್ಕಿಂತ ಕಡಿಮೆ ಬೀಳಲಿಲ್ಲ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು ಸಂಖ್ಯೆ: ಸಿಪಿಟಿಯನ್ನು ನಡುವೆಯೇ ಬಿಟ್ಟುಹೋದವರು ಶೇ 40ರ ಹತ್ತಿರ, ಬರವಣಿಗೆಯನ್ನು ಬಿಟ್ಟವರು ಶೇ 6ರಷ್ಟು. 2023ರಲ್ಲಿ ಅದೇ ತಂಡ ಮಾಜಿ ಸೈನಿಕರಲ್ಲಿ ಪ್ರೊಲಾಂಗ್ಡ್ ಎಕ್ಸ್‌ಪೋಶರ್ ಜೊತೆ ಹೋಲಿಸಿದಾಗಲೂ ಕಂಡದ್ದು ಇದೇ. ಅಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಉದ್ದದ ಚಿಕಿತ್ಸೆಯನ್ನು ಬಿಟ್ಟರು, ಬರವಣಿಗೆಯನ್ನು ಬಿಟ್ಟವರು ಎಂಟರಲ್ಲಿ ಒಬ್ಬರು.

ಒಳ್ಳೆಯ ಚಿಕಿತ್ಸೆ ಯಾವುದು ಎಂಬ ಚರ್ಚೆಯಲ್ಲಿ ನಾವು ಅಂಕಗಳ ವ್ಯತ್ಯಾಸವನ್ನೇ ನೋಡುತ್ತೇವೆ. ಆ ವ್ಯತ್ಯಾಸ ಬಹಳ ಸಲ ಅತ್ಯಲ್ಪ. ಯಾರು ಕೊನೆಯವರೆಗೆ ಬಂದರು, ಯಾರು ಅರ್ಧಕ್ಕೆ ಹೋದರು ಎಂಬಲ್ಲಿ ಕಾಣುವ ಅಂತರ ದೊಡ್ಡದು. ಜಿಲ್ಲಾ ಆಸ್ಪತ್ರೆಯ ಕುರ್ಚಿಯಿಂದ ನೋಡುವವರಿಗೆ ಅದೇ ಮೊದಲ ಪ್ರಶ್ನೆಯಾಗಬೇಕು.

ಕಣ್ಣಾಲಿಗಳನ್ನು ಅತ್ತಿತ್ತ ಆಡಿಸುತ್ತ ನೆನಪನ್ನು ಎದುರಿಸುವ ಇಎಂಡಿಆರ್ ಬಗ್ಗೆಯೂ ಜನ ಕೇಳುತ್ತಾರೆ. ಫ್ರಾನ್ಸಿನ್ ಶಪೀರೊ 1989ರಲ್ಲಿ ಇದರ ಮೊದಲ ಅಧ್ಯಯನ ಪ್ರಕಟಿಸಿದರು. ಇದರಿಂದ ಗುಣ ಕಾಣುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ಆ ಕಣ್ಣಿನ ಚಲನೆ ನಿಜಕ್ಕೂ ಬೇಕೇ ಎಂಬ ವಾದ ಮಾತ್ರ ಇನ್ನೂ ಮುಗಿದಿಲ್ಲ. ದುಬಾರಿ ಪ್ರಮಾಣಪತ್ರದ ತರಬೇತಿ ಪಡೆದವರು ದೊಡ್ಡ ನಗರಗಳಲ್ಲಿದ್ದಾರೆ. ಸೋಮವಾರಪೇಟೆಯ ಹೆಣ್ಣುಮಗಳಿಗೆ ಇದರಿಂದ ಸದ್ಯಕ್ಕೆ ಆಗುವುದು ಕಡಿಮೆ.

ಬರೆಯಲು ಬಾರದವರ ಮಾತೇನು? ನನ್ನಲ್ಲಿಗೆ ಬರುವ ಹಿರಿಯ ಹೆಂಗಸರಲ್ಲಿ ಬಹುಪಾಲು ಮಂದಿ ಹೆಬ್ಬೆಟ್ಟು ಒತ್ತುವವರು. ಎರವ ಸಮುದಾಯದವರು ಮನೆಯಲ್ಲಾಡುವ ಭಾಷೆಗೆ ತನ್ನದೇ ಲಿಪಿಯಿಲ್ಲ. ಕೊಡವ ತಕ್ಕ್ ಆಡುವ ಓದಿದವರು ಕೂಡ ದುಃಖವನ್ನು ತಕ್ಕ್‌ನಲ್ಲಿ ಹೇಳಿ, ಬರೆಯುವಾಗ ಕನ್ನಡಕ್ಕೆ ಹೊರಳುತ್ತಾರೆ. ಹೊರಳುವಾಗ ವಾಕ್ಯಗಳು ಅರ್ಜಿಯ ಹಾಗೆ ಆಗಿಬಿಡುತ್ತವೆ. ಇಂಥವರಿಗೆ ದಾರಿ ತೋರಿದ್ದು ಜರ್ಮನಿಯ ಕಾನ್‌ಸ್ಟಾಂಜ್ ವಿಶ್ವವಿದ್ಯಾಲಯದ ಮ್ಯಾಗಿ ಶಾವರ್, ಫ್ರಾಂಕ್ ನಾಯ್ನರ್, ಥಾಮಸ್ ಎಲ್ಬರ್ಟ್. ಅವರ ನರೇಟಿವ್ ಎಕ್ಸ್‌ಪೋಶರ್ ಥೆರಪಿ ಹುಟ್ಟಿದ್ದೇ ನಿರಾಶ್ರಿತರಿಗಾಗಿ.

ಮೊದಲ ಭೇಟಿಯಲ್ಲಿ ನೆಲದ ಮೇಲೆ ಒಂದು ಹಗ್ಗ ಹಾಸುತ್ತಾರೆ. ಹಗ್ಗದ ತುದಿ ಹುಟ್ಟು. ಒಳ್ಳೆಯ ಘಟನೆಗೆ ಒಂದು ಹೂವು, ಕೆಟ್ಟದ್ದಕ್ಕೆ ಒಂದು ಕಲ್ಲು ಇಡುತ್ತ ಬದುಕನ್ನು ಕ್ರಮವಾಗಿ ಜೋಡಿಸುತ್ತಾರೆ. ಮುಂದಿನ ಭೇಟಿಗಳಲ್ಲಿ ಹುಟ್ಟಿನಿಂದ ಶುರುಮಾಡಿ ಕಥೆ ಹೇಳುತ್ತ ಹೋಗುವುದು. ಕಲ್ಲು ಬಂದಲ್ಲಿ ನಿಲ್ಲುವುದು, ನಿಧಾನಿಸುವುದು. ಎಲ್ಲಿ, ಯಾವ ಹೊತ್ತು, ಏನು ವಾಸನೆ, ಮೈಗೆ ಏನಾಯಿತು, ಈಗ ಹೇಳುವಾಗ ಮೈಗೆ ಏನಾಗುತ್ತಿದೆ. ಬರೆಯುವವರು ಕೇಳುವವರೇ. ಮುಂದಿನ ವಾರ ಬರೆದದ್ದನ್ನು ಅವರಿಗೆ ಓದಿ ಹೇಳುತ್ತಾರೆ, ಅವರು ತಿದ್ದುತ್ತಾರೆ. ಕೊನೆಯಲ್ಲಿ ಇಡೀ ಬದುಕಿನ ಬರಹ ಅವರ ಕೈಗೆ. ಆಘಾತದ ನೆನಪು ಹೊಲಿಗೆ ಬಿಚ್ಚಿದ ಪುಸ್ತಕದ ಹಾಳೆಗಳ ಹಾಗೆ ಊರು, ತಾರೀಕು ಯಾವುದೂ ಇಲ್ಲದೆ ಹಾರಾಡುತ್ತಿರುತ್ತದೆ. ಅದಕ್ಕೆ ಪುಟಸಂಖ್ಯೆ ಹಾಕಿ ಅದರ ಜಾಗದಲ್ಲಿ ಸೇರಿಸುವುದು ಇಲ್ಲಿನ ಕೆಲಸ.

ಉತ್ತರ ಉಗಾಂಡದ ಇಂವೇಪಿ ನೆಲೆಯಲ್ಲಿದ್ದ 43 ಸುಡಾನಿ ನಿರಾಶ್ರಿತರಲ್ಲಿ ಇದನ್ನು ಪರೀಕ್ಷಿಸಿದ ವರದಿ 2004ರಲ್ಲಿ ಬಂತು. ಕೆಲವರಿಗೆ ಈ ಕಥನ ಚಿಕಿತ್ಸೆಯ ನಾಲ್ಕು ಭೇಟಿ, ಕೆಲವರಿಗೆ ಸಾಂತ್ವನದ ಆಪ್ತಸಮಾಲೋಚನೆಯ ನಾಲ್ಕು ಭೇಟಿ, ಉಳಿದವರಿಗೆ ಕಾಯಿಲೆಯ ಬಗ್ಗೆ ಒಂದು ಸಲದ ತಿಳಿವಳಿಕೆ. ಒಂದು ವರ್ಷದ ನಂತರ ಕಥನ ಚಿಕಿತ್ಸೆ ಪಡೆದವರಲ್ಲಿ ಶೇ 29 ಮಂದಿಗೆ ಪಿಟಿಎಸ್‌ಡಿ ಉಳಿದಿತ್ತು. ಸಾಂತ್ವನ ಪಡೆದವರಲ್ಲಿ ಶೇ 79, ಬರೀ ತಿಳಿವಳಿಕೆ ಪಡೆದವರಲ್ಲಿ ಶೇ 80. ಸಾಂತ್ವನವೂ ತಿಳಿವಳಿಕೆಯೂ ಒಂದೇ ಫಲ ಕೊಟ್ಟವು ಎಂಬುದು ನನ್ನಂಥವಳಿಗೆ ಕಹಿಯಾದ ಸಂಗತಿ. ನಮ್ಮಲ್ಲಿ ಕೌನ್ಸೆಲಿಂಗ್ ಎಂದು ನಡೆಯುವುದರಲ್ಲಿ ಹೆಚ್ಚಿನದು ಆ ಸಾಂತ್ವನವೇ: "ಧೈರ್ಯ ತಂದ್ಕೊಳ್ಳಿ, ಮಕ್ಕಳ ಮುಖ ನೋಡ್ಕೊಳ್ಳಿ, ಆದದ್ದನ್ನ ಮರೆತುಬಿಡಿ." ಪ್ರೀತಿಯಿಂದಲೇ ಹೇಳುತ್ತೇವೆ. ಒಂದು ವರ್ಷ ಕಳೆದ ಮೇಲೆ ಆ ಪ್ರೀತಿ ಅವರ ರಾತ್ರಿಗಳನ್ನು ಬದಲಿಸಿರುವುದಿಲ್ಲ.

ಕೊಡಗಿನಲ್ಲಿ ಕೆಲಸ ಮಾಡುವ ನಾನು ಕಥನದ ಕಡೆ ವಾಲಲು ಇನ್ನೊಂದು ಬಲವಾದ ಕಾರಣವಿದೆ. ಹೆದರಿ ಬಿಟ್ಟ ಜಾಗಕ್ಕೆ ಮರಳಿ ಹೋಗು ಎನ್ನುವ ಚಿಕಿತ್ಸೆ, ಅಪಾಯ ಮುಗಿದಿದೆ ಎಂದು ನಂಬುತ್ತದೆ. ಫಿಲಡೆಲ್ಫಿಯಾದಲ್ಲಿ ಒಬ್ಬಾಕೆ ದಾಳಿ ನಡೆದ ಪಾರ್ಕಿಂಗ್ ಜಾಗಕ್ಕೆ ಹಗಲಲ್ಲಿ ಗೆಳತಿಯೊಂದಿಗೆ ಹೋಗಿ ಬರಬಹುದು. ಆನೆ ದಾಳಿಯಿಂದ ಉಳಿದ ತೋಟದ ಕೂಲಿಗೆ ನಾನು ಏನು ಹೇಳಲಿ? ಆ ಆನೆ, ಇಲ್ಲವೇ ಅದರ ಹಿಂಡು, ಇವತ್ತೂ ಅದೇ ತೋಟದಲ್ಲಿದೆ. ಬೆಳಗಿನ ಜಾವ ಅರಣ್ಯ ಇಲಾಖೆಯ ಎಚ್ಚರಿಕೆ ಸಂದೇಶ ಮೊಬೈಲಿಗೆ ಬರುತ್ತದೆ. ಮಂಜು ಕವಿದ ಹಾದಿಯಲ್ಲಿ ಒಬ್ಬನೇ ಹೋಗಲಾರೆ ಎನ್ನುವ ಅವನ ಹೆದರಿಕೆ ವಿವೇಕ, ಕಾಯಿಲೆಯಲ್ಲ. ಆದರೆ ಅದೇ ಮನುಷ್ಯ ಹಲಸಿನ ಹಣ್ಣು ನೆಲಕ್ಕೆ ಬಿದ್ದ ಸದ್ದಿಗೆ ಅಡುಗೆಮನೆಯಲ್ಲಿ ಮುದುರಿ ಕೂರುತ್ತಾನೆ. ಹಗಲು ಪೇಟೆಗೂ ಹೋಗುವುದಿಲ್ಲ. ಹೆಂಡತಿ ಹಿಂದಿನಿಂದ ಭುಜ ಮುಟ್ಟಿದರೆ ಕೈ ಎತ್ತುತ್ತಾನೆ. ಬೇಕಾದ ಹೆದರಿಕೆಯನ್ನು ಉಳಿಸಿ ಬೇಡದ್ದನ್ನು ಬಿಡಿಸುವ ಸೂಕ್ಷ್ಮ ಕೆಲಸ ಇದು. ಅಂದು ನಡೆದದ್ದು ಯಾವುದು, ಇಂದು ಇರುವುದು ಯಾವುದು ಎಂದು ಬೇರ್ಪಡಿಸಿ ಹೇಳಿಸುವ ಚಿಕಿತ್ಸೆಗೆ ಇಲ್ಲಿ ಜಾಗವಿದೆ. ಅದು ನಿರಾಶ್ರಿತರ ಶಿಬಿರಗಳಲ್ಲಿ, ಅಪಾಯ ಮುಗಿಯದ ಜಾಗಗಳಲ್ಲಿ ಬೆಳೆದದ್ದು. ಗಂಡನ ಮನೆಗೆ ಮರಳದೆ ಗತಿಯಿಲ್ಲದ ಹೆಂಗಸಿನ ವಿಷಯದಲ್ಲೂ ಹೀಗೆಯೇ, ಅಲ್ಲಿ ಮಾತ್ರ ಚಿಕಿತ್ಸೆಗಿಂತ ಮೊದಲು ರಕ್ಷಣೆಯ ವ್ಯವಸ್ಥೆ ಆಗಬೇಕು.

2018ರ ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಮಕ್ಕಂದೂರು ಕಡೆಯ ಗುಡ್ಡಗಳು ಜರಿದಾಗ ಬದುಕುಳಿದವರೊಬ್ಬರ ಕಥೆಯನ್ನು ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತೇನೆ. ಅವರು ಬಂದದ್ದು ವರ್ಷಗಳ ನಂತರ. ಹೊಸ ಮನೆ ಸಿಕ್ಕಿತ್ತು, ಮಗಳಿಗೆ ಮದುವೆಯಾಗಿತ್ತು. ಜೂನ್ ಬಂತೆಂದರೆ ನಿದ್ದೆಯಿಲ್ಲ, ಊಟವಿಲ್ಲ. ಅತ್ತೆಯನ್ನು ಒಳಗೆ ಬಿಟ್ಟು ಓಡಿಬಂದೆ ಎಂಬುದು ಅವರ ಎದೆಯಲ್ಲಿ ಕೂತ ಮಾತು. "ಹೋಗಿ ಕರ್ಕೊಂಡು ಬರೋ ಅಷ್ಟು ಹೊತ್ತಿತ್ತು. ನಾನು ಹೋಗಲಿಲ್ಲ." ಊರವರು ನಿನ್ನ ತಪ್ಪಿಲ್ಲ ಎಂದು ನೂರು ಸಲ ಹೇಳಿದ್ದರು. ನಾನು ಹಾಗೆ ಹೇಳಲಿಲ್ಲ. ಹಗ್ಗ ಹಾಸಿದೆವು. ಬಾಲ್ಯದ ಹೂವುಗಳನ್ನು ಇಡುವಾಗ ಅವರ ಮುಖ ಅರಳಿತು. ಸೋಮವಾರಪೇಟೆಯ ಸಂತೆ, ಅಪ್ಪ ತಂದುಕೊಟ್ಟ ಬಳೆ, ಮೊದಲ ಮಗು. ಮೂರನೆಯ ಭೇಟಿಯಲ್ಲಿ ಆ ಕಲ್ಲಿನ ಮುಂದೆ ಕೂತೆವು.

ಒಲೆಯ ಮೇಲೆ ಏನಿತ್ತು? ಕಾಫಿಯ ನೀರು. ಮೊದಲು ಕೇಳಿಸಿದ್ದೇನು? ನಾಯಿ. ಆಮೇಲೆ? ಲಾರಿ ಬಂದ ಹಾಗೆ ಸದ್ದು. ಈ ಮಳೆಯಲ್ಲಿ ಯಾರ ಲಾರಿ ಎಂದುಕೊಂಡರಂತೆ. ಬಾಗಿಲಿಗೆ ಬಂದರು. ಮಗಳ ಕೈ ಹಿಡಿದು ಅಂಗಳಕ್ಕೆ ಇಳಿದರು. ತಿರುಗಿ ಅತ್ತೆಯನ್ನು ಕೂಗಿದರು. ಬಾಯಿ ತೆರೆದದ್ದು ನೆನಪಿದೆ, ತನ್ನ ದನಿ ಕೇಳಿಸಿದ್ದು ನೆನಪಿಲ್ಲ. ಅಷ್ಟರಲ್ಲಿ ಮನೆಯ ಹಿಂಭಾಗ ಇರಲಿಲ್ಲ. ಹೇಳುತ್ತ ಹೇಳುತ್ತ ಅವರು ನಡುಗುತ್ತಿದ್ದರು. ಈಗ ಎಲ್ಲಿದ್ದೀರಿ ಎಂದು ನಾನು ಮತ್ತೆ ಮತ್ತೆ ಕೇಳುತ್ತಿದ್ದೆ. "ಆಸ್ಪತ್ರೇಲಿ. ನಿಮ್ಮ ಮುಂದೆ." ಮುಂದಿನ ವಾರ ನಾನು ಬರೆದದ್ದನ್ನು ಓದಿದೆ. ಅವರು ನಡುವೆ ತಡೆದು ತಿದ್ದಿದರು: ಮೊದಲು ಹೋದದ್ದು ಕೊಟ್ಟಿಗೆ, ಅಡುಗೆಮನೆ ಆಮೇಲೆ. ಮತ್ತೆ ಆ ಭಾಗವನ್ನು ಓದಿಸಿದರು. ಬಹಳ ಹೊತ್ತು ಸುಮ್ಮನಿದ್ದು, "ಇಷ್ಟೇನಾ?" ಎಂದರು. ವರ್ಷಗಟ್ಟಲೆ ಅವರ ತಲೆಯಲ್ಲಿ ಹಿಗ್ಗುತ್ತಲೇ ಹೋಗಿದ್ದ ಆ ಹೊತ್ತು, ನಾಯಿ ಬೊಗಳುವುದಕ್ಕೂ ಕೊಟ್ಟಿಗೆ ಕುಸಿಯುವುದಕ್ಕೂ ನಡುವಿನ ಕೆಲವು ಉಸಿರುಗಳಷ್ಟೇ ಎಂಬುದನ್ನು ಅವರೇ ಕಂಡರು. ಅದನ್ನು ನಾನು ಹೇಳಿದ್ದರೆ ನೂರೊಂದನೆಯ ಸಮಾಧಾನವಾಗುತ್ತಿತ್ತು.

ಅವರಿಗೆ ಇವತ್ತೂ ಮಳೆಯೆಂದರೆ ಅಂಜಿಕೆ ಇದೆ. ರೆಡ್ ಅಲರ್ಟ್ ಬಂದರೆ ತಂಗಿಯ ಮನೆಗೆ ಹೋಗುತ್ತಾರೆ, ಹೋಗಬೇಕಾದ್ದೇ. ಉಳಿದ ದಿನ ನಿದ್ದೆ ಮಾಡುತ್ತಾರೆ.

ಒಬ್ಬರ ಕಥೆ ಪುರಾವೆಯಾಗುವುದಿಲ್ಲ, ಕಥನ ಚಿಕಿತ್ಸೆಯೊಂದೇ ದಾರಿ ಎಂದೂ ನಾನು ಹೇಳುವುದಿಲ್ಲ. ನಮಗೆ ಹತ್ತಿರದ ಶ್ರೀಲಂಕಾದ ಈಶಾನ್ಯದಲ್ಲಿ, ಯುದ್ಧವನ್ನೂ ಸುನಾಮಿಯನ್ನೂ ಕಂಡ 31 ಮಕ್ಕಳಲ್ಲಿ ಸ್ಥಳೀಯ ಸಮಾಲೋಚಕರು ನಡೆಸಿದ ಹೋಲಿಕೆ 2009ರಲ್ಲಿ ಪ್ರಕಟವಾಗಿದೆ. ಅರ್ಧ ಮಕ್ಕಳಿಗೆ ಆರು ಭೇಟಿಗಳ ಕಥನ, ಇನ್ನರ್ಧಕ್ಕೆ ಆರು ಭೇಟಿಗಳ ಧ್ಯಾನ ಮತ್ತು ವಿಶ್ರಾಂತಿಯ ಅಭ್ಯಾಸ. ಆರು ತಿಂಗಳ ನಂತರ ಚೇತರಿಸಿಕೊಂಡವರು ಶೇ 81 ಮತ್ತು ಶೇ 71. ಅಷ್ಟು ಸಣ್ಣ ಗುಂಪಿನಲ್ಲಿ ಆ ಅಂತರಕ್ಕೆ ಹೆಚ್ಚು ಅರ್ಥವಿಲ್ಲ. ಸುನಾಮಿಯ ನಂತರದ ಮೊದಲ ವಾರಗಳಲ್ಲೇ ಶುರುವಾದ ಚಿಕಿತ್ಸೆಯಾದ್ದರಿಂದ ತಾನಾಗಿ ಆದ ಚೇತರಿಕೆಯೂ ಎರಡೂ ಕಡೆ ಸೇರಿರಬೇಕು. ಆದರೂ ನಾನು ಆ ಫಲಿತಾಂಶವನ್ನು ಬದಿಗೆ ಸರಿಸುವುದಿಲ್ಲ. ಬಾಯಿ ತೆರೆಯಲು ಒಪ್ಪದ ಮಗುವನ್ನು ಕಥೆಗೆ ಒತ್ತಾಯಿಸುವ ಬದಲು ಉಸಿರಾಟದಿಂದ ಶುರುಮಾಡಬಹುದು ಎಂಬ ಧೈರ್ಯವನ್ನು ಅದು ಕೊಡುತ್ತದೆ. ಅಮೆರಿಕದ ಸೈನಿಕರ ಮೇಲೆ ಫೋವಾ ತಂಡವೇ 2018ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲೂ, ಆಘಾತದ ಮಾತೆತ್ತದೆ ಇಂದಿನ ಸಮಸ್ಯೆಗಳನ್ನು ಮಾತ್ರ ಬಿಡಿಸುವ ಚಿಕಿತ್ಸೆ ಅವರದೇ ವಿಧಾನಕ್ಕಿಂತ ಹಿಂದೆ ಬೀಳಲಿಲ್ಲ. ಯಾವ ಪಂಥದವರೂ ಗೆದ್ದೆವೆಂದು ಬಾವುಟ ಹಾರಿಸುವ ಸ್ಥಿತಿ ಇಲ್ಲ.

ನನ್ನ ಸಹೋದ್ಯೋಗಿ ಮನಶ್ಶಾಸ್ತ್ರಜ್ಞರು ಎತ್ತುವ ಆಕ್ಷೇಪ ಗಂಭೀರವಾದದ್ದು: ಎಂ.ಫಿಲ್ ಮಾಡಿದವರೇ ತಡವರಿಸುವ ಕೆಲಸವನ್ನು ನರ್ಸ್ ಕೈಗೆ ಕೊಟ್ಟರೆ ಗಾಯ ಕೆದಕಿ ಬಿಟ್ಟ ಹಾಗಾಗುವುದಿಲ್ಲವೇ? ಕಾಂಗೋದ ಪೂರ್ವಭಾಗದ ಹಳ್ಳಿಗಳಲ್ಲಿ ಲೈಂಗಿಕ ಹಿಂಸೆಗೆ ಒಳಗಾದ 405 ಮಹಿಳೆಯರ ಅಧ್ಯಯನವನ್ನು ಜುಡಿತ್ ಬಾಸ್ ತಂಡ 2013ರಲ್ಲಿ ಪ್ರಕಟಿಸಿತು. ಅಲ್ಲಿ ಸಿಪಿಟಿಯನ್ನು ಗುಂಪಿನಲ್ಲಿ ನಡೆಸಿದವರು ಶಾಲೆ ಓದಿದ್ದ ಸ್ಥಳೀಯ ಮಹಿಳೆಯರು. ಓದು ಬಾರದವರಿಗಾಗಿ ಹಾಳೆಗಳನ್ನು ಬಿಟ್ಟು ಬಾಯಿಪಾಠದ ಕ್ರಮ ಮಾಡಿಕೊಂಡರು. ಆರು ತಿಂಗಳ ನಂತರ ಖಿನ್ನತೆ ಅಥವಾ ಆತಂಕ ಉಳಿದಿದ್ದವರು ಚಿಕಿತ್ಸೆಯ ಗುಂಪಿನಲ್ಲಿ ಶೇ 9, ಒಬ್ಬೊಬ್ಬರಿಗೆ ಸಾಂತ್ವನ ಮಾತ್ರ ಸಿಕ್ಕ ಗುಂಪಿನಲ್ಲಿ ಶೇ 42. ಪಿಟಿಎಸ್‌ಡಿಯ ಚಿತ್ರವೂ ಹಾಗೆಯೇ ಇತ್ತು. ಉಗಾಂಡದ ನಾಕಿವಾಲೆ ನೆಲೆಯಲ್ಲಿ ನಿರಾಶ್ರಿತರೇ ತರಬೇತಿ ಪಡೆದು ನಿರಾಶ್ರಿತರಿಗೆ ಕಥನ ಚಿಕಿತ್ಸೆ ಕೊಟ್ಟರು. ಚಿಕಿತ್ಸೆ ಸಿಗದವರಿಗಿಂತ ಅವರ ರೋಗಿಗಳು ಸ್ಪಷ್ಟವಾಗಿ ಸುಧಾರಿಸಿದರು, ನಡುವೆ ಬಿಟ್ಟುಹೋದವರು ತೀರ ಕಡಿಮೆ.

ದೂರದ ಉದಾಹರಣೆ ಬೇಡವೆನ್ನುವವರಿಗೆ ನಮ್ಮ ರಾಜ್ಯವೇ ಇದೆ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆಗಳ ಆರೈಕೆ ಕಲಿಸಿತು. ಆ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 1984ರ ಭೋಪಾಲ್ ಅನಿಲ ದುರಂತದ ನಂತರ ಡಾ. ಆರ್. ಶ್ರೀನಿವಾಸ ಮೂರ್ತಿಯವರಂಥ ಮನೋವೈದ್ಯರು ಅಲ್ಲಿನ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟಿದ್ದರು. ತಜ್ಞರಲ್ಲದವರ ಕೈಗೆ ಜ್ಞಾನ ಕೊಡುವುದು ಇಲ್ಲಿ ಹೊಸ ಸಾಹಸವೇನಲ್ಲ. ಆಗ ಮಾತ್ರೆ ಕೊಡುವುದನ್ನು ಕಲಿಸಿದೆವು, ಈಗ ಕೂತು ಕೇಳುವ ಕ್ರಮವನ್ನು ಕಲಿಸಬೇಕು.

ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಬ್ಬರು, ಸಾಧ್ಯವಾದರೆ ಒಬ್ಬಾಕೆ ಮಹಿಳೆ, ಎರಡು ವಿಧಾನಗಳನ್ನು ಕಲಿತಿರಲಿ: ಬರೆಯುವವರಿಗೆ ಐದು ಭೇಟಿಯ ಬರವಣಿಗೆ, ಹೇಳುವವರಿಗೆ ಆರು ಭೇಟಿಯ ಕಥನ. ಬಾಗಿಲು ಮುಚ್ಚಬಹುದಾದ ಒಂದು ಕೋಣೆ, ಬೀಗವಿರುವ ಒಂದು ಕಪಾಟು ಸಾಕು. ಆತ್ಮಹತ್ಯೆಯ ಯೋಚನೆ, ವಿಪರೀತ ಕುಡಿತ, ಚಿತ್ತಭ್ರಮೆ ಇರುವವರನ್ನು ಮೊದಲು ಮನೋವೈದ್ಯರಲ್ಲಿಗೆ ಕಳಿಸುವುದು ಕಡ್ಡಾಯವಾಗಲಿ. ಟೆಲಿ ಮಾನಸ್‌ನ 14416 ಸಹಾಯವಾಣಿಗೆ ಕರೆ ಮಾಡಿದವರನ್ನು ಈ ಕೋಣೆಗಳಿಗೆ ಜೋಡಿಸಲಿ. ತರಬೇತಿ ಮುಗಿದ ಮೇಲೂ ಹದಿನೈದು ದಿನಕ್ಕೊಮ್ಮೆ ಅನುಭವಿಯೊಬ್ಬರು ಅವರ ಜೊತೆ ಕೂತು ಕೇಸುಗಳನ್ನು ಕೇಳಬೇಕು. ಇದು ತಪ್ಪಿದರೆ ಸಹೋದ್ಯೋಗಿಗಳ ಆಕ್ಷೇಪವೇ ನಿಜವಾಗುತ್ತದೆ. ಕೇಳುವವರ ಎದೆಯೂ ತುಂಬಿಹೋಗುತ್ತದೆ.

ಕ್ಯಾಲೆಂಡರನ್ನೂ ಬೆಂಗಳೂರಿನಲ್ಲಿ ಕೂತು ಹಾಕಬಾರದು. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ರಸ್ತೆಯೇ ನಂಬಿಕೆಯಿಲ್ಲದ್ದು, ಆಗಲೇ ಲಕ್ಷಣಗಳೂ ಉಲ್ಬಣಿಸುತ್ತವೆ. ಡಿಸೆಂಬರಿನಿಂದ ಫೆಬ್ರವರಿ ಕಾಫಿ ಕುಯ್ಲು, ಯಾರಿಗೂ ಪುರುಸೊತ್ತಿಲ್ಲ. ನಡುವೆ ಸಿಗುವುದು ಸೆಪ್ಟೆಂಬರ್‌ನಿಂದ ನವೆಂಬರ್. ವಾರಕ್ಕೊಂದರಂತೆ ಐದಾರು ಭೇಟಿಗೆ, ತಪ್ಪಿದ ಒಂದೆರಡು ವಾರವನ್ನು ತುಂಬಿಕೊಳ್ಳುವುದಕ್ಕೆ ಅಷ್ಟು ಕಾಲ ಸಾಕು. ನರ್ಸ್‌ಗಳ ತರಬೇತಿಯನ್ನು ಮಾರ್ಚ್–ಏಪ್ರಿಲ್‌ನಲ್ಲೇ ಮುಗಿಸಿ, ಮಳೆಗಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆಗಳಲ್ಲಿ ಹೆಸರು ಗುರುತಿಸಿಟ್ಟರೆ, ಸೆಪ್ಟೆಂಬರಿನ ಎರಡನೇ ವಾರ ಮೊದಲ ಭೇಟಿಗಳನ್ನು ಶುರುಮಾಡಬಹುದು.